ಸ್ಟುಡಿಯೊದಲ್ಲಿ ಗಿಟಾರ್ ನುಡಿಸುವುದು ಹೇಗೆ?

ಚೆನ್ನಾಗಿ ಗಿಟಾರ್ ನುಡಿಸುವ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ವೇದಿಕೆ ಮೇಲೆ ಅವರ ಸೋಲೊ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವರೇ ಸ್ಟುಡಿಯೊಗೆ ಬಂದು, ಹೆಡ್‌ಫೋನ್ ಹಾಕಿಕೊಂಡು, ಒಂದು ಭಾವಗೀತೆಗೆ ನಾಲ್ಕು ನಿಮಿಷ ಬರೀ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಹಿಡಿದು, ತಂತಿಗಳ ಮೇಲೆ ಕೈಯಾಡಿಸಿ ಸ್ಟ್ರಮ್ ಮಾಡಬೇಕೆಂದರೆ ತಡಬಡಿಸುತ್ತಾರೆ. ಇಪ್ಪತ್ತನೇ ಟೇಕ್ ಹೊತ್ತಿಗೆ ಮುಖ ಬಾಡಿರುತ್ತದೆ. ಇದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ಅವರಿಗೆ ವಿದ್ಯೆ ಇದೆ. ಬಾಡಿಗೆಗೆ ನುಡಿಸುವ ಕೆಲಸಕ್ಕೆ ಏನೇನು ತಯಾರಿ ಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಫೋನ್ ಬಂದಾಗ

ಶ್ರುತಿ, ವೇಗ, ತಾಳ, ಯಾವ ಗಿಟಾರ್, ಎಷ್ಟು ದುಡ್ಡು. ಇಷ್ಟನ್ನೂ ಫೋನಿನಲ್ಲೇ ಕೇಳಿಕೊಳ್ಳಿ.

ಶ್ರುತಿಯನ್ನು ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಹೇಳುವುದಿಲ್ಲ. ಕರ್ನಾಟಕ ಸಂಗೀತ ಕಲಿತವರು ‘ಐದೂವರೆ ಮನೆ’ ಎನ್ನುತ್ತಾರೆ. ಹಾರ್ಮೋನಿಯಂ ಮುಂದೆ ಬೆಳೆದವರು ‘ಕಪ್ಪು ನಾಲ್ಕು’ ಎನ್ನುತ್ತಾರೆ. ಎರಡೂ ಜಿ ಶಾರ್ಪ್. ಇದು ಗೊತ್ತಿಲ್ಲದೆ ಸ್ಟುಡಿಯೊದಲ್ಲಿ ಪಿಳಿಪಿಳಿ ನೋಡುತ್ತಾ ನಿಂತರೆ ಎದುರಿನವರ ನಂಬಿಕೆ ಅಲ್ಲೇ ಅರ್ಧ ಕುಸಿಯುತ್ತದೆ. ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ಒಂದನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿ ಜಿ ಕಾರ್ಡ್‌ನ ಆಕಾರ ಹಿಡಿಯಬಹುದು, ನಾಲ್ಕಕ್ಕೆ ಹಾಕಿ ಇ ಆಕಾರ ಹಿಡಿಯಬಹುದು. ಎರಡರ ನಾದವೂ ಬೇರೆ ಬೇರೆ. ಎರಡನ್ನೂ ರೂಢಿ ಮಾಡಿಕೊಂಡಿರಿ, ಮುಂದೆ ಬೇಕಾಗುತ್ತದೆ.

ವಾದ್ಯ

ಹೊಸ ತಂತಿಯನ್ನು ಎರಡು ದಿನ ಮೊದಲೇ ಹಾಕಿ. ಅದೇ ದಿನ ಬೆಳಿಗ್ಗೆ ಹಾಕಿದರೆ ಸಂಜೆಯವರೆಗೂ ಶ್ರುತಿ ಇಳಿಯುತ್ತಲೇ ಇರುತ್ತದೆ. ಅಕೌಸ್ಟಿಕ್‌ಗೆ 0.012 ಇಂಚಿನ (ಸೆಟ್ಟಿನ ಅತಿ ತೆಳು ತಂತಿಯ ದಪ್ಪ) ಫಾಸ್ಫರ್ ಬ್ರಾಂಜ್ ಸೆಟ್ಟನ್ನೇ ಹಾಕಿ. ಅದಕ್ಕಿಂತ ತೆಳುವಾದದ್ದು ಬೆರಳಿಗೆ ಸುಖ ಕೊಡಬಹುದು, ಮೈಕ್‌ಗೆ ಸಣಕಲಾಗಿ ಕೇಳಿಸುತ್ತದೆ. ಹನ್ನೆರಡನೇ ಫ್ರೆಟ್‌ನಲ್ಲಿ ಒಮ್ಮೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಹಾರ್ಮೋನಿಕ್ ನುಡಿಸಿ, ಒಮ್ಮೆ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ಬರದಿದ್ದರೆ ರಿಪೇರಿ ಮಾಡುವವರ ಬಳಿ ಒಯ್ಯಿರಿ.

ಕೇಪೊ ವಿಷಯದಲ್ಲಿ ಜಿಪುಣತನ ಬೇಡ. ಅಗ್ಗದ ಸ್ಪ್ರಿಂಗ್ ಕೇಪೊ ತಂತಿಯನ್ನು ಬಿಗಿಯಾಗಿ ಅದುಮಿ ಸ್ವರವನ್ನು ಮೇಲಕ್ಕೆ ಎಳೆಯುತ್ತದೆ. ತಿರುಪಿನಿಂದ ಬಿಗಿ ಹೊಂದಿಸುವಂಥದ್ದನ್ನು ಕೊಳ್ಳಿ. ಅದನ್ನು ಹಾಕಿದ ಮೇಲೂ ಪ್ರತಿ ಸಲ ಶ್ರುತಿ ನೋಡಿಕೊಳ್ಳಬೇಕು.

ಬಲಗೈ

ಹೆಚ್ಚಿನವರು ಎಡವುವುದು ಇಲ್ಲಿ. ಎಡಗೈ ಬೆರಳಿಗೆ ಹತ್ತು ವರ್ಷ ಸಾಧನೆ ಮಾಡಿಸಿರುತ್ತಾರೆ, ಬಲಗೈಯನ್ನು ಅದರ ಪಾಡಿಗೆ ಬಿಟ್ಟಿರುತ್ತಾರೆ.

72 ಬಿಪಿಎಂನ, ಅಂದರೆ ನಿಮಿಷಕ್ಕೆ 72 ಬಡಿತದ, ನಿಧಾನದ ಹಾಡು ಅಂದುಕೊಳ್ಳಿ. ಹೆಡ್‌ಫೋನ್‌ನಲ್ಲಿ ಲಯ ತೋರಿಸುವ ಒಂದು ಕ್ಲಿಕ್‌ನಿಂದ ಇನ್ನೊಂದಕ್ಕೆ 833 ಮಿಲಿಸೆಕೆಂಡ್. ಕಿವಿಗೆ ಅದು ದೊಡ್ಡ ಮೈದಾನ. ಆ ಖಾಲಿ ಜಾಗದಲ್ಲಿ ಕೈ ಮುಂದಕ್ಕೆ ಓಡಿಬಿಡುತ್ತದೆ, ಮುಂದಿನ ಕ್ಲಿಕ್ ಹತ್ತಿರ ಬಂದು ಕಾಯುತ್ತದೆ. ಆ ಕಾಯುವಿಕೆಯೇ ರೆಕಾರ್ಡಿಂಗ್‌ನಲ್ಲಿ ಕುಂಟಿದಂತೆ ಕೇಳುವುದು. ಸಂಕೋಚ ಬಿಟ್ಟು ಎಂಜಿನಿಯರ್ ಹತ್ತಿರ ಕ್ಲಿಕ್ ಅನ್ನು ಎರಡು ಪಟ್ಟು ಮಾಡಿಸಿಕೊಳ್ಳಿ. ಅಂತರ 417ಕ್ಕೆ ಇಳಿಯುತ್ತದೆ, ಕೈಗೆ ಹಿಡಿದುಕೊಳ್ಳಲು ಮಧ್ಯೆ ಒಂದು ಕಂಬ ಸಿಕ್ಕಂತಾಗುತ್ತದೆ. ಮನೆಯ ಅಭ್ಯಾಸದಲ್ಲಿ ಮಾತ್ರ ಇದರ ಉಲ್ಟಾ ಮಾಡಿ. ನಾಲ್ಕು ಮಾತ್ರೆಗೆ ಒಂದೇ ಕ್ಲಿಕ್ ಇಟ್ಟುಕೊಂಡು ದಿನಕ್ಕೆ ಇಪ್ಪತ್ತು ನಿಮಿಷ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ವಾರ ಬೇಜಾರಾಗುತ್ತದೆ. ಬಿಡಬೇಡಿ.

ಮಿಶ್ರ ಛಾಪು ತಾಳ ಬಂದಾಗ ಇನ್ನೊಂದು ತೊಡಕು. ಕೈಗೆ ಕೆಳಗೆ-ಮೇಲೆ, ಕೆಳಗೆ-ಮೇಲೆ ಆಡಿ ಅಭ್ಯಾಸ. ಈ ತಾಳಕ್ಕೆ ಅಕ್ಷರ ಏಳು. ಮೊದಲ ಆವರ್ತನ ಕೆಳಗಿನ ಹೊಡೆತದಲ್ಲಿ ಶುರುವಾಗಿ ಕೆಳಗಿನ ಹೊಡೆತದಲ್ಲೇ ಮುಗಿಯುತ್ತದೆ. ಹಾಗಾಗಿ ಎರಡನೇ ಆವರ್ತನದ ಮೊದಲ ಅಕ್ಷರ ಮೇಲಿನ ಹೊಡೆತಕ್ಕೆ ಬೀಳುತ್ತದೆ. ಮೇಲಿನ ಹೊಡೆತಕ್ಕೆ ತೂಕ ಕಡಿಮೆ. ಒಂದು ಆವರ್ತನ ಗಟ್ಟಿ, ಇನ್ನೊಂದು ಸೊರಗಿದ್ದು, ಹೀಗೆ ಹಾಡಿನುದ್ದಕ್ಕೂ ತೂಗಾಡುತ್ತದೆ. ನುಡಿಸುವವರಿಗೆ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳಿಕೊಳ್ಳಿ. ತಕಿಟಕ್ಕೆ ಕೆಳಗೆ-ಮೇಲೆ-ಕೆಳಗೆ. ತಕಧಿಮಿಗೆ ಮತ್ತೆ ಕೆಳಗಿನಿಂದಲೇ ಹೊರಟು ಕೆಳಗೆ-ಮೇಲೆ-ಕೆಳಗೆ-ಮೇಲೆ. ಅಂದರೆ ಮೂರನೇ ಮತ್ತು ನಾಲ್ಕನೇ ಅಕ್ಷರಕ್ಕೆ ಬೆನ್ನುಬೆನ್ನಿಗೆ ಎರಡು ಕೆಳಗಿನ ಹೊಡೆತ. ನಡುವೆ ಕೈ ತಂತಿ ಮುಟ್ಟದೆ ಬೇಗ ಮೇಲೆ ಬರಬೇಕು. ಈ ಒಂದು ಜಾಗವನ್ನೇ ಬಿಡಿಸಿ ಅಭ್ಯಾಸ ಮಾಡಿ. ಖಂಡ ಛಾಪುವಿಗೆ ‘ತಕ ತಕಿಟ’. ಅಲ್ಲಿ ಎರಡು ಕೆಳಗಿನ ಹೊಡೆತ ಸೇರುವುದು ಐದನೇ ಅಕ್ಷರ ಮತ್ತು ಮುಂದಿನ ಆವರ್ತನದ ಮೊದಲ ಅಕ್ಷರದ ನಡುವೆ. ಮೃದಂಗ ಕಲಿಯುವ ಗೆಳೆಯರಿದ್ದರೆ ವಾರಕ್ಕೊಮ್ಮೆ ಅವರ ಜೊತೆ ಕೂರಿ. ಯೂಟ್ಯೂಬ್ ಪಾಠಗಳಿಗಿಂತ ಇದು ಜಾಸ್ತಿ ಕಲಿಸುತ್ತದೆ.

‘ತಪ್ಪಿದರೆ ಎಂಜಿನಿಯರ್ ಕ್ವಾಂಟೈಜ್ ಮಾಡ್ತಾರೆ ಬಿಡಿ’ ಎನ್ನುವವರಿದ್ದಾರೆ. ಸ್ಟ್ರಮ್ ಅನ್ನು ಹಾಗೆ ಕಂಪ್ಯೂಟರ್‌ನಲ್ಲಿ ತಾಳಕ್ಕೆ ಎಳೆದು ಕೂರಿಸಿದರೆ ತಂತಿಯ ನಾದ ನೀರು ಬೆರೆಸಿದ ಹಾಗೆ ಕೇಳುತ್ತದೆ. ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗ್ ಮದರಾಸಿನಲ್ಲಿ ನಡೆಯುತ್ತಿದ್ದ ದಿನಗಳಲ್ಲಿ ಗಾಯಕರು, ವಯೊಲಿನ್, ತಬಲ, ಗಿಟಾರ್ ಎಲ್ಲ ಒಟ್ಟಿಗೆ ರೆಕಾರ್ಡ್ ಆಗುತ್ತಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಆ ಹೊಣೆಯನ್ನು ಇವತ್ತಿನ ನಾವೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಡಬಲ್

ಟೇಕ್ ಓಕೆ ಆದ ತಕ್ಷಣ ‘ಒಂದು ಡಬಲ್ ಕೊಡಿ’ ಎನ್ನುತ್ತಾರೆ. ಅದನ್ನೇ ಇನ್ನೊಮ್ಮೆ ನುಡಿಸಬೇಕು. ಒಂದು ಎಡಗಿವಿಗೆ, ಒಂದು ಬಲಗಿವಿಗೆ. ಕಾಪಿ-ಪೇಸ್ಟ್ ಮಾಡಿದರೆ ಅಗಲ ಬರುವುದಿಲ್ಲ, ಶಬ್ದ ಮಾತ್ರ ಜೋರಾಗುತ್ತದೆ. ಚೂರು ಹಿಂದೆ-ಮುಂದೆ ಸರಿಸಿದ ಕಾಪಿ ಒಂದೇ ಸ್ಪೀಕರ್‌ನಲ್ಲಿ ಕೇಳಿದಾಗ ಟೊಳ್ಳಾಗುತ್ತದೆ.

ಡಬಲ್ ನುಡಿಸುವಾಗ ಮೊದಲ ಟೇಕ್‌ನ ಶಬ್ದವನ್ನು ಹೆಡ್‌ಫೋನ್‌ನಲ್ಲಿ ತೀರಾ ಕಮ್ಮಿ ಮಾಡಿಸಿ. ಅದನ್ನು ಕೇಳುತ್ತಾ ಹಿಂಬಾಲಿಸಿದರೆ ಪ್ರತಿ ಹೊಡೆತವೂ ಕೂದಲೆಳೆಯಷ್ಟು ತಡ. ಕ್ಲಿಕ್ ಮತ್ತು ಗಾಯನ ಕೇಳಿಸಿದರೆ ಸಾಕು. ಸಾಧ್ಯವಿದ್ದರೆ ಎರಡನೆಯದನ್ನು ಬೇರೆ ಆಕಾರದಲ್ಲಿ ನುಡಿಸಿ. ಮೊದಲು ಹೇಳಿದ ಎರಡು ಕೇಪೊ ಜಾಗ ಉಪಯೋಗಕ್ಕೆ ಬರುವುದು ಇಲ್ಲೇ.

ಮೈಕ್ ಮುಂದೆ

ಮೈಕ್ ಹನ್ನೆರಡನೇ ಫ್ರೆಟ್ ಎದುರು, ಒಂದು ಗೇಣು ದೂರ ಇರಲಿ. ರಂಧ್ರದ ನೇರಕ್ಕೆ ಬೇಡ, ಗುಂಯ್ ಎನ್ನುತ್ತದೆ. ವಾಚು, ಕಡಗ ತೆಗೆದಿಡಿ. ಕಿರ್ ಎನ್ನುವ ಕುರ್ಚಿ ಬದಲಿಸಿ.

ಮನೆಯಿಂದ ಕಳಿಸುವುದಾದರೆ

ಈಗ ಇಂಥ ಕೆಲಸವೂ ಬಹಳ. ನಿಮ್ಮ ಗಿಟಾರ್ ಹೆಡ್‌ಫೋನ್‌ಗೆ ತಡವಾಗಿ ಬರುತ್ತಿದೆಯೇ, ಮೊದಲು ನೋಡಿ. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 1024 ಇದ್ದರೆ ಒಂದು ಕಡೆಗೇ 21 ಮಿಲಿಸೆಕೆಂಡ್ ತಡ. ರೆಕಾರ್ಡ್ ಮಾಡುವಾಗ 128ಕ್ಕೆ ಇಳಿಸಿ, ಇಲ್ಲವೇ ಗಿಟಾರನ್ನು ಕಂಪ್ಯೂಟರ್‌ಗೆ ಸೇರಿಸುವ ಇಂಟರ್‌ಫೇಸ್‌ನಲ್ಲಿ ಶಬ್ದವನ್ನು ನೇರವಾಗಿ ಕೇಳಿಸುವ ಡೈರೆಕ್ಟ್ ಮಾನಿಟರ್ ಬಳಸಿ.

ಕಳಿಸುವುದು 24 ಬಿಟ್ ವೇವ್ ಫೈಲ್. ಸಿನಿಮಾಕ್ಕಾದರೆ 48 ಕಿಲೋಹರ್ಟ್ಸ್. ನಿಮ್ಮ ಗಿಟಾರ್ ಬರುವುದು ಎರಡನೇ ಚರಣಕ್ಕೇ ಆಗಿದ್ದರೂ ಫೈಲ್ ಹಾಡಿನ ಮೊದಲ ಕ್ಷಣದಿಂದ ಶುರುವಾಗಲಿ. ರಿವರ್ಬ್ ಹಾಕಬೇಡಿ. ಎಂಪಿ3 ಬೇಡವೇ ಬೇಡ, ಅದರ ಆರಂಭದಲ್ಲಿ ಚೂರು ಖಾಲಿ ಜಾಗ ಸೇರಿಕೊಂಡು ಇಷ್ಟು ಕಷ್ಟಪಟ್ಟು ಕೂರಿಸಿದ ಕಾಲ ಸರಿದುಹೋಗುತ್ತದೆ. ಎಲೆಕ್ಟ್ರಿಕ್ ಆದರೆ ಎಫೆಕ್ಟ್ ಇಲ್ಲದ ನೇರ ಟ್ರ್ಯಾಕ್ ಒಂದನ್ನು ಜೊತೆಗೆ ಕೊಡಿ.

ದುಡ್ಡು

ಹಾಡುಗಳ ಹಕ್ಕಿನ ದುಡ್ಡು ವಸೂಲು ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ರಾಯಧನ ಹೋಗುವುದು ರಾಗ ಹಾಕಿದವರಿಗೆ, ಸಾಹಿತ್ಯ ಬರೆದವರಿಗೆ, ಪ್ರಕಾಶಕರಿಗೆ. ನುಡಿಸಿಕೊಟ್ಟವರಿಗೆ ಅದರಲ್ಲಿ ಪಾಲಿಲ್ಲ. ಆದ್ದರಿಂದ ಸಂಭಾವನೆ ಮಾತನ್ನು ಮೊದಲೇ ಆಡಿ. ಒಮ್ಮೆ ಮೂರು ಹಾಡು ನುಡಿಸಿದ ಮೇಲೆ ‘ಒಂದೇ ಪ್ರಾಜೆಕ್ಟ್ ಅಲ್ವಾ’ ಎಂದು ಒಂದು ಹಾಡಿನ ದುಡ್ಡು ಕೈಗಿಟ್ಟರು. ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಅಂದಿನಿಂದ ಫೋನ್ ಇಟ್ಟ ಕೂಡಲೇ ಒಂದು ವಾಟ್ಸ್ಆಪ್ ಹಾಕುತ್ತೇನೆ: ‘ನಮಸ್ಕಾರ ಸರ್. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಒಂದು ಹಾಡು, ಅಕೌಸ್ಟಿಕ್ ಮತ್ತು ಡಬಲ್. ಮಾತಾಡಿದ ಮೊತ್ತ ಇಷ್ಟು, ಅದೇ ದಿನ ಪಾವತಿ. ಸರಿ ಇದ್ದರೆ ಓಕೆ ಎಂದು ತಿಳಿಸಿ.’