ಬೇಸಿಗೆಯಲ್ಲಿ ಫುಲ್ ಶರ್ಟ್: ಊದಿ ನೋಡಿ ಬಟ್ಟೆ ಆರಿಸಿದ ನನ್ನ ಅನುಭವ

ಸುಡುಬಿಸಿಲಿನ ದಿನ ಪೂರ್ತಿ ತೋಳಿನ ಶರ್ಟ್ ಹಾಕಿ, ಕುತ್ತಿಗೆ ಗುಂಡಿಯನ್ನೂ ಹಾಕಿ, ಸಂಜೆವರೆಗೆ ಆರಾಮಾಗಿರೋದು ಆಗದ ಮಾತು ಅಂತ ಜೊತೆಯವರೆಲ್ಲ ಹೇಳುತ್ತಿದ್ದರು. ಈಗ ಎರಡು-ಮೂರು ಬೇಸಿಗೆಯಿಂದ ನಾನು ಹಾಗೇ ಇದ್ದೇನೆ. ನಕ್ಕವರಲ್ಲೇ ಒಬ್ಬಿಬ್ಬರು ನನ್ನ ತೋಳು ಮುಟ್ಟಿ ಬಟ್ಟೆ ಯಾವುದು ಅಂತ ಕೇಳುತ್ತಾರೆ. ಅಳತೆ ಕೊಡೋದು, ಪಾಪ್ಲಿನ್ (ಒತ್ತಾದ ಸಾದಾ ನೇಯ್ಗೆ) ಯಾವುದು ಟ್ವಿಲ್ (ಓರೆ ಗೆರೆ ಕಾಣುವ ನೇಯ್ಗೆ) ಯಾವುದು ಅನ್ನೋದು ನಿಮಗೆ ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ನೂಲಿನ ಕೌಂಟ್ (ನೂಲು ಎಷ್ಟು ಸಣ್ಣ ಅನ್ನೋ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ನೂಲು ಸಣ್ಣ) ಜಾಸ್ತಿ ಇದ್ದಷ್ಟೂ ಶರ್ಟ್ ತಂಪು ಅನ್ನೋ ನಂಬಿಕೆ ಶರ್ಟ್ ಹುಚ್ಚಿರುವವರಲ್ಲಿ ಗಟ್ಟಿ. 140 ಕೌಂಟಿನ, ಎರಡು ಎಳೆ ಸೇರಿಸಿ ಹುರಿ ಮಾಡಿದ (ಎರಡೆಳೆ) ನೂಲಿನ ಬಟ್ಟೆಗೆ ಮಾಮೂಲಿ ಬಟ್ಟೆಯ ನಾಲ್ಕರಷ್ಟು ಬೆಲೆ ಕೊಟ್ಟೆ. ಮುಟ್ಟಿದರೆ ಬೆಣ್ಣೆ. ಆದರೆ ಅಷ್ಟು ಸಣ್ಣ ನೂಲನ್ನು ಒತ್ತೊತ್ತಾಗಿ ಕೂರಿಸಿ ನೇಯ್ದಿರುತ್ತಾರೆ, ಗಾಳಿಗೆ ದಾರಿಯೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬೆನ್ನಿಗೆ ಅಂಟಿಕೊಂಡಿತ್ತು. ಸುಮಾರು ಒಂದು ವರ್ಷದಲ್ಲಿ ಕಾಲರ್ ಅಂಚೂ ಸವೆಯಿತು.

ಆಮೇಲೆ ಇಸ್ತ್ರಿ ಬೇಡದ ಶರ್ಟ್. ನೋಡೋಕೆ ಚೆನ್ನ. ಸುಕ್ಕು ಬೀಳದಿರಲಿ ಅಂತ ಹತ್ತಿಗೆ ರೆಸಿನ್ ಅನ್ನೋ ರಾಸಾಯನಿಕ ಹಾಕಿ ನಾರುಗಳನ್ನು ಬಿಗಿದಿರುತ್ತಾರೆ. ಬಟ್ಟೆ ಬಿರುಸಾಗುತ್ತದೆ, ಬೆವರು ಕುಡಿಯೋದು ಕಮ್ಮಿ, ಹತ್ತಿಯ ಶಕ್ತಿಯೂ ಇಳಿಯುತ್ತದೆ. ಪಾಲಿಯೆಸ್ಟರ್ ಬೆರೆತದ್ದಂತೂ ಮಾತೇ ಬೇಡ. ನೂರು ಗ್ರಾಂ ಪಾಲಿಯೆಸ್ಟರ್ ಗಾಳಿಯಿಂದ ಅರ್ಧ ಗ್ರಾಂ ತೇವವನ್ನೂ ಹಿಡಿಯಲ್ಲ. ಹತ್ತಿ 7-8 ಗ್ರಾಂ ಹಿಡಿಯುತ್ತದೆ, ಲಿನನ್ ಇನ್ನೂ ಜಾಸ್ತಿ. ಆಟದ ಬನಿಯನ್ನಿನಲ್ಲಿ ಪಾಲಿಯೆಸ್ಟರ್ ನಡೆಯುತ್ತದೆ, ಯಾಕೆಂದರೆ ಅದನ್ನು ಜಾಳಾಗಿ ಹೆಣೆದಿರುತ್ತಾರೆ. ಒತ್ತಾಗಿ ನೇಯ್ದ ಶರ್ಟಿನಲ್ಲಿ ಅದು ಬರೀ ಹಿಂಸೆ.

ಇಷ್ಟಾದ ಮೇಲೆ ಚೀಟಿ ಓದೋದನ್ನೇ ಬಿಟ್ಟೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಒತ್ತಿ ಊದುತ್ತೇನೆ. ಆ ಕಡೆ ಹಿಡಿದ ಅಂಗೈಗೆ ಉಸಿರು ತಾಕಬೇಕು. ತಾಕದಿದ್ದರೆ ಎಷ್ಟೇ ತೆಳುವಾಗಿರಲಿ, ಬೇಡ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಆಮೇಲೆ ಬೆಳಕಿಗೆ ಹಿಡಿಯುತ್ತೇನೆ. ಎಳೆಗಳ ನಡುವೆ ಸೂಜಿಮೊನೆಯಂಥ ಕಿಂಡಿಗಳು ಒಂದೇ ಸಮನಾಗಿ ಕಾಣಬೇಕು. ಒಂದು ಕಡೆ ದಟ್ಟ, ಇನ್ನೊಂದು ಕಡೆ ಜಾಳು ಇದ್ದರೆ ಅದು ಕಳಪೆ ನೇಯ್ಗೆ, ಒಗೆದ ಮೇಲೆ ಸೊಟ್ಟಗಾಗುತ್ತದೆ. ಮೂರನೆಯದೂ ಒಂದು ಪರೀಕ್ಷೆ ಇದೆ, ಬೆರಳಿನಿಂದ ಮಾಡೋದು. ಅದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ.

ನನ್ನ ಕೈಗೆ ಪದೇ ಪದೇ ಗೆದ್ದ ಬಟ್ಟೆ 80ರಿಂದ 100 ಕೌಂಟಿನ ಎರಡೆಳೆ ಸಾದಾ ನೇಯ್ಗೆ, ತೂಕ 100-110 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಹತ್ತಿರ. ಅದಕ್ಕಿಂತ ತಂಪು ವಾಯ್ಲ್ ಅನ್ನೋ ತೆಳು, ಜಾಳು ಬಟ್ಟೆ. ನೂಲಿಗೆ ಹುರಿ ಜಾಸ್ತಿ ಕೊಟ್ಟಿರುವುದರಿಂದ ಗರಿಗರಿಯಾಗಿ ನಿಲ್ಲುತ್ತದೆ, ಗಾಳಿ ಸಲೀಸಾಗಿ ಆಡುತ್ತದೆ. ಬಿಳಿ ವಾಯ್ಲ್ ಮಾತ್ರ ಒಳಗಿರೋದನ್ನೆಲ್ಲ ತೋರಿಸುತ್ತದೆ. ಟ್ವಿಲ್ ಬೇಸಿಗೆಗೆ ಬೇಡ, ಅದರಲ್ಲಿ ಎಳೆಗಳು ಇನ್ನೂ ಒತ್ತಾಗಿ ಕೂರುತ್ತವೆ.

ಲಿನನ್ ವಿಷಯದಲ್ಲಿ ಜಿಎಸ್ಎಂ ನಂಬಬೇಡಿ. 150-160ರ ಲಿನನ್ ನನ್ನ 110ರ ಪಾಪ್ಲಿನ್‌ಗಿಂತ ತಂಪಾಗಿದೆ. ನಾರು ಬಿರುಸು, ಅದಕ್ಕೇ ಮೈಗೆ ಅಂಟದೆ ದೂರ ನಿಲ್ಲುತ್ತದೆ, ನಡುವೆ ಗಾಳಿ ಓಡಾಡುತ್ತದೆ. ಸುಕ್ಕು? ಬೀಳುತ್ತದೆ. ಕೋಟಿಲ್ಲದ ದಿನ ಹಾಕಿ.

ನಡುವೆ ಒಂದು ಹುಚ್ಚಾಟವೂ ಆಯಿತು. ಉಳಿದ ತುಂಡುಗಳನ್ನು ಸಾಲಾಗಿ ನೇತುಹಾಕಿ ನೀರು ಚಿಮುಕಿಸಿ, ಬೆವರಿನ ಕಲೆ ಯಾವ ಬಣ್ಣದಲ್ಲಿ ಎದ್ದು ಕಾಣುತ್ತದೆ ಅಂತ ನೋಡಿದೆ. ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿದ್ದು ಬೂದು, ಅದರ ಹಿಂದೆಯೇ ಮಧ್ಯಮ ನೀಲಿ. ಬಿಳಿ, ಕಡು ನೀಲಿ ಎರಡರಲ್ಲೂ ಗೊತ್ತೇ ಆಗಲಿಲ್ಲ. ಸಣ್ಣ ಚೌಕಳಿಯೂ ಚೆನ್ನಾಗಿ ಮುಚ್ಚುತ್ತದೆ. ಅದೇ ಹುಮ್ಮಸ್ಸಿನಲ್ಲಿ ಗಂಜಿ ಹಾಕಿಯೂ ನೋಡಿದೆ. ಊದಿದರೆ ಉಸಿರು ದಾಟಲೇ ಇಲ್ಲ, ಕಿಂಡಿಗಳೆಲ್ಲ ಮುಚ್ಚಿಹೋಗಿದ್ದವು.

ಇನ್ನು ಹೊಲಿಗೆ. ನನ್ನ ಟೈಲರ್ ಜೊತೆ ಜಾಸ್ತಿ ಜಗಳ ಆಗಿದ್ದು ಇಲ್ಲೇ. ಅವರಿಗೆ ಸ್ಲಿಮ್ ಬೇಕು, ನನಗೆ ಗಾಳಿ ಬೇಕು. ಎದೆಯ ಅಳತೆಗಿಂತ ಐದು ಇಂಚು ಸಡಿಲ ಬಿಡಿಸಿದೆ, ಆದರೆ ಕಂಕುಳ ಸುತ್ತನ್ನು ಮೇಲಕ್ಕೆ ಏರಿಸಿದೆ. ಇದು ಮುಖ್ಯ. ಕಂಕುಳ ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಶರ್ಟ್ ಮೇಲೆದ್ದು ಬರುತ್ತದೆ, ಶರ್ಟಿನ ಮೈ ಎಷ್ಟೇ ಸಡಿಲ ಇದ್ದರೂ ಎಳೆಯುತ್ತದೆ. ಯೋಕ್, ಅಂದರೆ ಭುಜದ ಮೇಲೆ ಬೆನ್ನಿನ ಕಡೆ ಬರುವ ಪಟ್ಟಿ, ಎರಡು ಪದರ ಅಲ್ವಾ? ಒಳಪದರಕ್ಕೆ ಬಿಳಿ ವಾಯ್ಲ್ ಹಾಕಿಸಿದೆ. ಭುಜದ ಹತ್ತಿರ ಒದ್ದೆಯಾಗೋದು ಅರ್ಧಕ್ಕರ್ಧ ಇಳಿಯಿತು. ಬೆನ್ನಿನ ಪ್ಲೀಟ್ ಎಲ್ಲಿ ಶುರುವಾಗಬೇಕು ಅನ್ನೋದು ಟೈಲರ್‌ಗೂ ನನಗೂ ಇರುವ ಗುಟ್ಟು.

ಕಾಲರ್ ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ ಅಂಟಿಸುವ ಫ್ಯೂಸಿಂಗ್ ಪದರ ಬೇಡ ಅಂದೆ. ಅಂಟಿನ ಪದರ ಗಾಳಿ ಬಿಡಲ್ಲ, ಅಗ್ಗದ್ದಾದರೆ ಕೆಲವು ಒಗೆತಕ್ಕೇ ಗುಳ್ಳೆ ಏಳುತ್ತದೆ. ಹೊಲಿದು ಕೂರಿಸುವ ತೆಳು ಹತ್ತಿಯ ಕ್ಯಾನ್ವಾಸ್ ಸಾಕು. ಇಸ್ತ್ರಿ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೇ. ಸಿದ್ಧ ಶರ್ಟ್ ಕೊಳ್ಳುವವರು ಪಕ್ಕದ ಹೊಲಿಗೆ ಎಣಿಸಿ. ಇಂಚಿಗೆ 18ರ ಆಸುಪಾಸು ಇದ್ದರೆ ಮನಸ್ಸಿಟ್ಟು ಮಾಡಿದ್ದಾರೆ. ಹತ್ತು ಹನ್ನೊಂದು ಇದ್ದರೆ ಬ್ರಾಂಡ್ ಹೆಸರಿಗೆ ದುಡ್ಡು ಕೊಡುತ್ತಿದ್ದೀರಿ. ಗುಂಡಿ ಚಿಪ್ಪಿನದಾದರೆ ತುಟಿಗೆ ತಣ್ಣಗೆ ತಾಕುತ್ತದೆ. ಅದು ಚಂದಕ್ಕೆ ಮಾತ್ರ, ಬೇಸಿಗೆಗೂ ಅದಕ್ಕೂ ಸಂಬಂಧ ಇಲ್ಲ.

ಖರ್ಚು ಕೇಳುತ್ತೀರಲ್ಲ. ಬಟ್ಟೆ, ಹೊಲಿಗೆ ಸೇರಿ ಒಂದು ಒಳ್ಳೆಯ ಸಿದ್ಧ ಶರ್ಟಿನ ಒಂದೂವರೆ ಪಟ್ಟು ಬೀಳುತ್ತಿದೆ. ಆ 140ರ ಬಟ್ಟೆಗೆ ಸುರಿದದ್ದರ ಅರ್ಧವೂ ಅಲ್ಲ. ಹೊಲಿಸುವ ಮುಂಚೆ ಬಟ್ಟೆಯನ್ನು ಎರಡು ಸಲ ಒಗೆದು ಕೊಡಿ, ಹತ್ತಿ ನೂರಕ್ಕೆ ಎರಡು-ಮೂರರಷ್ಟು ಕುಗ್ಗುತ್ತದೆ, ಕಾಲರ್‌ನಲ್ಲಿ ಅದೇ ಅರ್ಧ ಇಂಚಿನ ಹತ್ತಿರ. ಕಂಕುಳಲ್ಲಿ ಹಳದಿ ಕಲೆ ಕಂಡರೆ ಕ್ಲೋರಿನ್ ಬ್ಲೀಚ್ ಮುಟ್ಟಬೇಡಿ, ಇನ್ನೂ ಹಳದಿಯಾಗುತ್ತದೆ. ಬೆವರು ತಡೆಯುವ ಸ್ಟಿಕ್‌ನಲ್ಲಿರುವ ಅಲ್ಯೂಮಿನಿಯಂ ಬೆವರಿನ ಜೊತೆ ಸೇರಿ ಆಗುವ ಕಲೆ ಅದು. ಆಕ್ಸಿಜನ್ ಬ್ಲೀಚ್ ಪುಡಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿಟ್ಟರೆ ನನ್ನ ಶರ್ಟುಗಳಲ್ಲಿ ಮುಕ್ಕಾಲು ಪಾಲು ಹೋಗಿದೆ.