ಮೊದಲು ದೋಣಿ, ಆಮೇಲೆ ದಾರಿ: ಕಲಬುರಗಿಯಿಂದ ಕಾರಿನಲ್ಲಿ ಕರಾವಳಿಗೆ

ಕಲಬುರಗಿಯಿಂದ ಕಾರಿನಲ್ಲಿ ಕರಾವಳಿಗೆ ಹೊರಟವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಸುಮಾರು ಐನೂರು ಕಿಲೋಮೀಟರ್. ಸಮುದ್ರ ಮುಟ್ಟಲು ನಮಗೆ ಇದೇ ಹತ್ತಿರ. ಅಲ್ಲಿಂದ ಗೋಕರ್ಣ, ಮುರುಡೇಶ್ವರ, ಉಡುಪಿ ಅಂತ ಕೆಳಗೆ ಹೋಗಿ ಮತ್ತೆ ವಾಪಸ್ ಬರುತ್ತಾರೆ. ನಾನು ಇದನ್ನು ಉಲ್ಟಾ ಮಾಡಿದೆ. ಮೊದಲು ಉಡುಪಿ, ಕೊನೆಗೆ ಕಾರವಾರ. ಮನೆಯಲ್ಲಿ, ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಸುತ್ತು ಹಾಕಿ ಯಾಕ ಹೊಂಟೀರಿ?"

ಕಾರಣ ತೀರಾ ಸಾದಾ. ಕರಾವಳಿಯ ಉದ್ದಕ್ಕೂ ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ಸಮುದ್ರ ಇರುವುದು ಪಶ್ಚಿಮಕ್ಕೆ. ನಾವು ಗಾಡಿ ಓಡಿಸುವುದು ರಸ್ತೆಯ ಎಡಕ್ಕೆ. ಅಂಕೋಲಾದಿಂದ ಉಡುಪಿ ಕಡೆ ಹೊರಟರೆ ಸಮುದ್ರ ಬಲಗಡೆ, ಡಿವೈಡರ್‌ನ ಆಚೆ. ಚೆಂದದ ಜಾಗ ಕಂಡು ನಿಲ್ಲಿಸೋಣ ಅಂದರೆ ಮುಂದೆ ಎಲ್ಲೋ ಹೋಗಿ ಯು ಟರ್ನ್ ಹೊಡೆದು ಬರಬೇಕು. ಅಷ್ಟರಲ್ಲಿ ಕಾರಿನಲ್ಲಿದ್ದವರ ಉತ್ಸಾಹ ಇಳಿದಿರುತ್ತದೆ. ಉಡುಪಿಯಿಂದ ಕಾರವಾರಕ್ಕೆ ಹೊರಟರೆ ಸಮುದ್ರ ನಮ್ಮ ಎಡಕ್ಕೇ ಇರುತ್ತದೆ. ಇಂಡಿಕೇಟರ್ ಹಾಕಿ ಬದಿಗೆ ಸರಿದರೆ ಮುಗಿಯಿತು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತವರಿಗೆ ನೋಡಲು ಯಾವ ಅಡ್ಡಿಯೂ ಇಲ್ಲ. ಆ ಸೀಟು ಅವ್ವನಿಗೆ ಅಂತ ಮೊದಲೇ ತೀರ್ಮಾನವಾಗಿತ್ತು.

ಇದು ದಾರಿಯ ಲೆಕ್ಕ. ಆದರೆ ಪ್ಲಾನ್ ಶುರು ಮಾಡಿದ್ದು ದಾರಿಯಿಂದ ಅಲ್ಲ, ದೋಣಿಯಿಂದ. ದೇವಸ್ಥಾನ, ಕೋಟೆ, ಬೀಚ್ ಎಲ್ಲ ಇದ್ದಲ್ಲೇ ಇರುತ್ತವೆ. ಇವತ್ತು ತಪ್ಪಿದರೆ ನಾಳೆ ನೋಡಬಹುದು. ದ್ವೀಪ ಹಾಗಲ್ಲ. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ನಿಮ್ಮ ರಜೆ ಮುಗಿಯುತ್ತದೆ ಅಂತ ಸಮುದ್ರ ಕಾಯುವುದೂ ಇಲ್ಲ. ಹಾಗಾಗಿ ಕಾಗದದ ಮೇಲೆ ಮೊದಲು ಬರೆದದ್ದು ಎರಡು ದ್ವೀಪಗಳ ಹೆಸರು: ಮಲ್ಪೆಯ ಸೇಂಟ್ ಮೇರೀಸ್, ಮುರುಡೇಶ್ವರದ ನೇತ್ರಾಣಿ. ಒಂದೊಂದರ ಹಿಂದೆಯೂ ಒಂದು ಖಾಲಿ ದಿನ ಬಿಟ್ಟೆ. ಉಳಿದ ಊರುಗಳನ್ನು ಅವುಗಳ ಸುತ್ತ ಹೊಂದಿಸಿದೆ.

ತಿಂಗಳು ಗೊತ್ತು ಮಾಡುವುದೂ ದೋಣಿಯ ಮೇಲೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ಒರಟು. ಪ್ರವಾಸಿ ದೋಣಿಗಳು ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುತ್ತದೆ, ಆಗ ಮೀನು ತುಟ್ಟಿ. ಮಳೆಗಾಲದಲ್ಲಿ ರಸ್ತೆಯ ಭಯ ಬೇರೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ 66ರ ಮೇಲೆ ಬಿದ್ದದ್ದು, ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದದ್ದು ಎಲ್ಲರಿಗೂ ನೆನಪಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುವವರಿದ್ದಾರೆ. ಅಲ್ಲಿ ಬಿಸಿಲು ಕಮ್ಮಿ ನಿಜ, ಆದರೆ ಬೆವರು ಆರುವುದೇ ಇಲ್ಲ. ನನಗೆ ಕೇಳಿದರೆ ನಮ್ಮ ಒಣ ಬಿಸಿಲೇ ವಾಸಿ. ನಾವು ಆರಿಸಿದ್ದು ಡಿಸೆಂಬರ್‌ನ ಮೊದಲ ಭಾಗ. ಕ್ರಿಸ್‌ಮಸ್ ರಜೆಯ ಗದ್ದಲ ಶುರುವಾಗುವ ಮುಂಚೆ. ಹೊರಟಿದ್ದು ವಾರದ ನಡುವೆ ದ್ವೀಪ ಬರುವ ಹಾಗೆ. ಶನಿವಾರ, ಭಾನುವಾರ ಬೆಂಗಳೂರಿನ ಜನ ಅಲ್ಲೇ ಇರುತ್ತಾರೆ.

ಹೋಗುವಾಗ ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಕುಷ್ಟಗಿ ಮೇಲೆ ಹೊಸಪೇಟೆ. ತಿಂಥಣಿಯಲ್ಲಿ ಕೃಷ್ಣೆ ದಾಟುವಾಗ ಮೌನೇಶ್ವರನಿಗೆ ಕೈ ಮುಗಿದು ಮುಂದೆ ಹೋದೆವು. ಹೊಸಪೇಟೆಯಲ್ಲಿ ರಾತ್ರಿ ಉಳಿದೆವು. ಒಂದೇ ದಿನಕ್ಕೆ ಉಡುಪಿ ಮುಟ್ಟಬೇಕು ಅಂತ ಹಟ ಮಾಡಿದರೆ ಆಗುಂಬೆ ಘಾಟಿಯನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳು. ಬಯಲಲ್ಲಿ ನೆಟ್ಟಗಿನ ರಸ್ತೆ ಓಡಿಸಿ ಅಭ್ಯಾಸ ಇರುವ ನಮ್ಮಂಥವರು ಇದನ್ನು ಹಗಲಲ್ಲೇ ಇಳಿಯಬೇಕು. ಎರಡನೇ ಗೇರ್‌ನಲ್ಲಿ ಬಿಡಿ, ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ, ಮೇಲೆ ಬರುವವರಿಗೆ ದಾರಿ ಕೊಡಿ. ಇಷ್ಟೇ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಸಮುದ್ರ ಕಾಣುತ್ತದೆ. ನಾವು ಹೋದಾಗ ಮಂಜು. ಏನೂ ಕಾಣಲಿಲ್ಲ, ಮಂಗಗಳು ಮಾತ್ರ ಕಂಡವು.

ಉಡುಪಿಯಿಂದ ಮಲ್ಪೆ ಹತ್ತಿರವೇ. ಬೆಳಿಗ್ಗೆ ಎದ್ದು ಹೋದರೆ ದೋಣಿಯವರು ತಲೆ ಅಲ್ಲಾಡಿಸಿದರು. "ಇವತ್ತು ಗಾಳಿ ಉಂಟು ಮಾರಾಯ್ರೆ, ನಾಳೆ ಬನ್ನಿ." ಖಾಲಿ ದಿನ ಇಟ್ಟಿದ್ದು ಇದಕ್ಕೇ. ಬೇಜಾರಿಲ್ಲದೆ ಕೃಷ್ಣ ಮಠಕ್ಕೆ ಹೋದೆವು, ಮಧ್ಯಾಹ್ನ ಊಟ ಮಾಡಿ ಮಲಗಿದೆವು, ಸಂಜೆ ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಇಳಿಸುವುದನ್ನು ನೋಡಿದೆವು. ಅವ್ವ ಸೆರಗು ಮೂಗಿಗೆ ಹಿಡಿದುಕೊಂಡೇ ಎಲ್ಲ ಮೀನಿನ ಹೆಸರು ಕೇಳಿದಳು.

ಮರುದಿನ ಮೊದಲ ಸರದಿಯಲ್ಲೇ ದೋಣಿ ಸಿಕ್ಕಿತು. ಈ ದ್ವೀಪಕ್ಕೆ ಇಡೀ ಬೆಳಿಗ್ಗೆ ಕೊಡಿ. ಜನ ಮರಳಿನಲ್ಲಿ ಫೋಟೊ ತೆಗೆಸಿಕೊಂಡು ಬಂದುಬಿಡುತ್ತಾರೆ. ಅಲ್ಲಿನ ವಿಶೇಷ ಮರಳಲ್ಲ, ಕಲ್ಲು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲಕ್ಕೆ, ಉಕ್ಕಿದ ಲಾವಾ ಅದು. ಲಾವಾ ನಿಧಾನವಾಗಿ ಆರುವಾಗ ಕುಗ್ಗುತ್ತದೆ. ಕುಗ್ಗಿದಂತೆ ಬಿರುಕು ಬಿಡುತ್ತದೆ. ಬಿರುಕು ಮೇಲಿಂದ ಕೆಳಕ್ಕೆ ಇಳಿದು ಐದು ಮೂಲೆ, ಆರು ಮೂಲೆಯ ಕಂಬಗಳಾಗಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ನಾನು ಈ ಲಾವಾದ ಕಥೆ ಹೇಳುತ್ತಿದ್ದರೆ ಅವ್ವ ಬಗ್ಗಿ ಒಂದು ಕಂಬದ ತಲೆ ಸವರಿ ಹೇಳಿದಳು: "ಬ್ಯಾಸಿಗ್ಯಾಗ ನಮ್ಮ ಎರಿ ಹೊಲ ಬಾಯಿ ಬಿಟ್ಟಂಗ ಅದ ನೋಡು." ಸರಿಯಾಗಿಯೇ ಹೇಳಿದಳು. ಎರಿ ಮಣ್ಣು ಒಣಗಿ ಕುಗ್ಗುತ್ತದೆ, ಲಾವಾ ಆರಿ ಕುಗ್ಗುತ್ತದೆ. ನಮ್ಮ ಕರಿಮಣ್ಣಿಗೆ ಮೂಲವಾದ ದಖ್ಖನ್ನಿನ ಕರಿಕಲ್ಲೂ ಲಾವಾವೇ, ಆದರೆ ವಯಸ್ಸಿನಲ್ಲಿ ಅದು ಇದಕ್ಕಿಂತ ಚಿಕ್ಕದು, ಸುಮಾರು 6.6 ಕೋಟಿ ವರ್ಷದ್ದು.

ದ್ವೀಪಕ್ಕೆ ಹೋಗುವವರಿಗೆ ನಾಲ್ಕು ಮಾತು. ತೆಂಗಿನ ಮರ ಬಿಟ್ಟರೆ ನೆರಳಿಲ್ಲ, ಟೊಪ್ಪಿಗೆ ಇರಲಿ. ರಾತ್ರಿ ಉಳಿಯುವ ಹಾಗಿಲ್ಲ, ಕೊನೆಯ ದೋಣಿ ಎಷ್ಟಕ್ಕೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ. ಕಲ್ಲಿನ ಮೇಲೆ ಪಾಚಿ ಇರುತ್ತದೆ, ನಯವಾದ ಚಪ್ಪಲಿ ಬೇಡ. ಹಗ್ಗ ಕಟ್ಟಿದ ಜಾಗ ಬಿಟ್ಟು ಬೇರೆಲ್ಲೂ ನೀರಿಗೆ ಇಳಿಯಬೇಡಿ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು. ನಮ್ಮ ಕಡೆಯವರಿಗೆ ಬಾವಿ ಗೊತ್ತು, ಕೆನಾಲ್ ಗೊತ್ತು, ಸಮುದ್ರ ಗೊತ್ತಿಲ್ಲ. ಮೊಣಕಾಲು ನೀರಲ್ಲಿ ನಿಂತವರನ್ನೂ ಹಿಂದಕ್ಕೆ ಹೋಗುವ ಅಲೆ ಎಳೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಶಾಲೆಯ ಹುಡುಗಿಯರು ಮುಳುಗಿ ತೀರಿಹೋದರು, ಆಮೇಲೆ ಆ ಕಡಲತೀರವನ್ನೇ ಕೆಲಕಾಲ ಮುಚ್ಚಿದ್ದರು. ಹಾಗಾಗಿ ನಮ್ಮಲ್ಲಿ ಎರಡು ನಿಯಮ. ಗಾರ್ಡ್ ಇಲ್ಲದ ಬೀಚಿನಲ್ಲಿ ಕಾಲು ತೋಯಿಸುವುದಷ್ಟೇ. ದೋಣಿ ಎಷ್ಟೇ ಚಿಕ್ಕ ದೂರಕ್ಕೆ ಇರಲಿ, ಲೈಫ್ ಜಾಕೆಟ್ ಕೊಡದಿದ್ದರೆ ಹತ್ತುವುದಿಲ್ಲ.

ಉಡುಪಿಯಿಂದ ಕಾರವಾರಕ್ಕೆ ಇನ್ನೂರು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ. ಸುಮ್ನೆ ಓಡಿಸಿದರೆ ಅರ್ಧ ದಿನ. ನಾವು ಇದನ್ನು ತುಂಡು ತುಂಡು ಮಾಡಿ, ಬೆಳಿಗ್ಗೆ ಹೊತ್ತು ಸ್ವಲ್ಪ ಓಡಿಸಿ, ಬಿಸಿಲಿಗೆ ರೂಮು ಸೇರಿ, ನಾಲ್ಕರ ಮೇಲೆ ಮತ್ತೆ ಹೊರಗೆ ಬರುತ್ತಿದ್ದೆವು. ಡಿಸೆಂಬರ್‌ನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮರವಂತೆಗೆ ಮಾತ್ರ ಬೆಳಗಿನ ಹೊತ್ತೇ ಬಂದೆವು. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಬೆಳಿಗ್ಗೆ ಬಿಸಿಲು ಬೆನ್ನ ಹಿಂದೆ ಇರುವುದರಿಂದ ನೀರಿನ ಬಣ್ಣ ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಅಲ್ಲಿ ರಸ್ತೆಯ ಮೇಲೆಯೇ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದೆ ಟ್ಯಾಂಕರ್ ಬರುತ್ತಿರುತ್ತದೆ ಅಲ್ವಾ? ಬದಿಗೆ ಜಾಗ ಇದೆ, ಅಲ್ಲಿ ನಿಲ್ಲಿಸಿ.

ನೇತ್ರಾಣಿಯ ಸಂಗತಿ ಬೇರೆ. ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ಆಸುಪಾಸು, ತೆರೆದ ಸಮುದ್ರದಲ್ಲಿ. ಅಲ್ಲಿಗೆ ಹೋಗುವುದು ತಿರುಗಾಡಲು ಅಲ್ಲ, ದ್ವೀಪದ ಬುಡದಲ್ಲಿ ಸ್ಕೂಬಾ ಡೈವ್ ಮಾಡಲು. ಅವ್ವ, ಮಗಳು ದಡದಲ್ಲೇ ಉಳಿದರು. ನಾನು, ತಮ್ಮ ಹೋದೆವು. ಈಜು ಬರದವರನ್ನೂ ಒಬ್ಬ ತರಬೇತುದಾರ ಹಿಡಿದುಕೊಂಡೇ ಇಳಿಸುತ್ತಾನೆ. ಅಸ್ತಮಾ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹೋಗಬಾರದು. ದೋಣಿ ಓಲಾಡುತ್ತದೆ, ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಉಪಯೋಗವಿಲ್ಲ. ತಮ್ಮ ಬೆಳಿಗ್ಗೆ ಮಸಾಲೆ ದೋಸೆ ತಿಂದು ಬಂದಿದ್ದ. ಅದರ ಕಥೆ ಬೇಡ. ಇನ್ನೊಂದು ಮಾತು: ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 12ರಿಂದ 18 ಗಂಟೆ ಬಿಡಬೇಕು ಅನ್ನುತ್ತಾರೆ, ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕಮ್ಮಿ ಆಗುತ್ತದೆ. ಅದಕ್ಕೇ ನೇತ್ರಾಣಿಯನ್ನು ಪ್ರವಾಸದ ನಡುವೆ ಇಟ್ಟೆ. ಡೈವ್ ಮಾಡಿದ ದಿನವೇ ಘಾಟಿ ಹತ್ತುವ ಪ್ರಸಂಗ ಬರಲಿಲ್ಲ.

ಮುಂದೆ ಹೊನ್ನಾವರ ದಾಟಿ ಕುಮಟಾ ಹತ್ತಿರದ ಮಿರ್ಜಾನ್ ಕೋಟೆ, ಗೋಕರ್ಣ. ಗೋಕರ್ಣದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೇನು ಹೇಳಲಿ. ಕಾರನ್ನು ಊರ ಹೊರಗೇ ಬಿಡಿ, ಒಳಗಿನ ಓಣಿಗಳು ಕಾರಿಗಲ್ಲ.

ಕಾರವಾರದಲ್ಲಿ ಕೂರ್ಮಗಡ ದ್ವೀಪಕ್ಕೆ ಹೋಗಬೇಕು ಅಂತ ತಮ್ಮನ ಆಸೆ. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹನ ಜಾತ್ರೆ, ಜನ ದೋಣಿಯಲ್ಲಿ ಹೋಗುತ್ತಾರೆ. 2019ರ ಜನವರಿಯಲ್ಲಿ ಜಾತ್ರೆಯಿಂದ ಮರಳುವ ದೋಣಿ ಮಗುಚಿ ಹಲವರು ಸತ್ತರು, ಬಯಲುಸೀಮೆಯವರೂ ಅದರಲ್ಲಿದ್ದರು. ನಾವು ದಡಕ್ಕೆ ಬಂದಾಗ ಸಂಜೆಯಾಗಿತ್ತು, ನಮಗೆ ಸಿಕ್ಕ ದೋಣಿ ಚಿಕ್ಕದು, ಜಾಕೆಟ್ ಇರಲಿಲ್ಲ. ಹೋಗಲಿಲ್ಲ. ಬದಲಿಗೆ ಠಾಗೋರ್ ಕಡಲತೀರದಲ್ಲಿ ಕೂತು, ಅಲ್ಲೇ ಇರುವ ಚಾಪೆಲ್ ಯುದ್ಧನೌಕೆಯ ಒಳಗೆ ಮಗಳನ್ನು ತಿರುಗಾಡಿಸಿದೆವು. ಅವಳಿಗೆ ದ್ವೀಪಕ್ಕಿಂತ ಇದೇ ಹಿಡಿಸಿತು.

ರೂಮುಗಳನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹಾಗೆ ನೋಡಿ ಬುಕ್ ಮಾಡಿದ್ದೆ. ದೋಣಿ ಒಂದು ದಿನ ಸರಿದರೆ ರೂಮೂ ಸರಿಯಬೇಕಲ್ಲ. ಒಂದು ಕಡೆ 'ಸೀ ವ್ಯೂ' ಅಂತ ಜಾಸ್ತಿ ಬಾಡಿಗೆ ತೆಗೆದುಕೊಂಡರು. ಸಮುದ್ರ ಕಾಣುತ್ತಿದ್ದದ್ದು ಬಾತ್‌ರೂಮಿನ ಕಿಟಕಿಯಿಂದ, ಅದೂ ಸ್ಟೂಲ್ ಹತ್ತಿದರೆ. ಕಿಟಕಿಯಿಂದ ತೆಗೆದ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿ ಅಂತ ಮೊದಲೇ ಕೇಳುವುದು ಒಳ್ಳೆಯದು.

ಊಟಕ್ಕೆ ಅಲ್ಲಿ ಕೊರತೆ ಇಲ್ಲ. ಆದರೆ ಕುಚ್ಚಲಕ್ಕಿ ಅನ್ನ, ನೀರು ದೋಸೆ ಎರಡು ದಿನ ತಿಂದ ಮೇಲೆ ಅವ್ವ ರೊಟ್ಟಿ ಡಬ್ಬಿ ತೆಗೆಯುತ್ತಾಳೆ. ಖಡಕ್ ರೊಟ್ಟಿ ಕಲಬುರಗಿಯಲ್ಲಿ ತಿಂಗಳಿದ್ದರೂ ಹಾಗೇ ಇರುತ್ತದೆ. ಅಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟದ್ದು ರಾತ್ರಿ ಕಳೆಯುವುದರೊಳಗೆ ಮೆತ್ತಗಾಯಿತು, ಮುರಿದರೆ ಸದ್ದಿಲ್ಲ, ಬಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿದ್ದದ್ದು ಕೊನೆ ತನಕ ಖಡಕ್ಕಾಗಿಯೇ ಉಳಿಯಿತು. ಶೇಂಗಾ ಹಿಂಡಿಗೂ ಇದೇ ಮಾತು.

ಮರಳುವಾಗ ಅಂಕೋಲಾದ ಬಾಳೆಗುಳಿ ಕ್ರಾಸ್‌ನಲ್ಲಿ ಹುಬ್ಬಳ್ಳಿ ರಸ್ತೆ ಹಿಡಿದೆವು. ಬೆಳಕು ಹರಿಯುವಾಗಲೇ ಹೊರಡಬೇಕು, ತಡವಾದರೆ ಅರಬೈಲ್ ಘಾಟಿಯಲ್ಲಿ ಲಾರಿಗಳ ಹಿಂದೆ ಮೊದಲನೇ ಗೇರ್‌ನಲ್ಲೇ ತೆವಳಬೇಕು. ಟ್ಯಾಂಕ್ ಅಂಕೋಲಾದಲ್ಲೇ ತುಂಬಿಸಿಕೊಂಡೆ. ಕೊಲ್ಹಾರದ ಸೇತುವೆ ಬಂದಾಗ ಆಲಮಟ್ಟಿ ಹಿನ್ನೀರು ನೋಡಿ ಮಗಳು "ಅಪ್ಪಾ, ಇದೂ ಸಮುದ್ರಾನಾ?" ಅಂದಳು. ವಿಜಯಪುರದಲ್ಲಿ ಊಟ, ಕಲಬುರಗಿಗೆ ರಾತ್ರಿ.

ಮರುದಿನ ಕಾರನ್ನು ತೊಳೆಯಲು ಕೊಟ್ಟೆ. ಮೇಲೆ ಮಿಂಚಿಸುವುದು ಮುಖ್ಯವಲ್ಲ. ಉಪ್ಪಿನ ಗಾಳಿ, ಒದ್ದೆ ಮರಳು ಹತ್ತುವುದು ಅಡಿಭಾಗಕ್ಕೆ, ತುಕ್ಕು ಶುರುವಾಗುವುದೂ ಅಲ್ಲೇ. ರ‍್ಯಾಂಪ್ ಮೇಲೆ ಏರಿಸಿ, ಚಕ್ರದ ಒಳಮೈ, ಬ್ರೇಕ್, ಸೈಲೆನ್ಸರ್ ಕೊಳವೆ ಎಲ್ಲ ಸಿಹಿನೀರಿನಲ್ಲಿ ತೊಳೆಸಿ. ಮ್ಯಾಟ್ ಝಾಡಿಸಿದಾಗ ಬಿದ್ದ ಮರಳು ನೋಡಿ ತೊಳೆಯುವ ಹುಡುಗ ಕೇಳಿದ: "ಅಣ್ಣಾ, ಭೀಮಾ ನದಿಗಿ ಹೋಗಿದ್ದಿರೇನ್ರೀ?"