ಚಳಿಗಾಲಕ್ಕೆ ಬೈಕ್ ನಿಲ್ಲಿಸುವ ಮುನ್ನ

ಹಿಮ ಬೀಳುವ ಕಡೆಗಳಲ್ಲಿ ಚಳಿಗಾಲ ಬಂತೆಂದರೆ ಬೈಕ್ ಮೂರು ನಾಲ್ಕು ತಿಂಗಳು ಮೂಲೆ ಸೇರುತ್ತದೆ. ಓಡಿಸದೇ ಇದ್ದರೆ ಹಾಳಾಗುವುದೇನು ಅಂತ ನಾನೂ ಒಮ್ಮೆ ಸುಮ್ನೆ ಹೊದಿಕೆ ಹಾಕಿ ನಿಲ್ಲಿಸಿದ್ದೆ. ಚಳಿ ಮುಗಿದ ಮೇಲೆ ಕಿಕ್ ಹೊಡೆದೂ ಹೊಡೆದೂ ಕಾಲು ಸೋತಿತೇ ಹೊರತು ಎಂಜಿನ್ ಜಪ್ಪಯ್ಯ ಅನ್ನಲಿಲ್ಲ. ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ ನೋಡಿದರೆ ತಳದ ಬಟ್ಟಲಲ್ಲಿ ಪೆಟ್ರೋಲ್ ಕೆಟ್ಟು ಜೇನಿನ ಬಣ್ಣದ ಅಂಟಾಗಿತ್ತು, ಹಳೇ ವಾರ್ನಿಷ್‌ನ ವಾಸನೆ. ಪೆಟ್ರೋಲ್ ಹಾಯುವ ಜೆಟ್‌ನ ಸೂಜಿಮೊನೆಯಂಥ ತೂತು ಪೂರ್ತಿ ಕಟ್ಟಿಕೊಂಡಿತ್ತು.

ಅದಕ್ಕೇ ಮೊದಲು ಪೆಟ್ರೋಲ್ ನೋಡಿಕೊಳ್ಳಿ. ಕಬ್ಬಿಣದ ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವ ಗೋಡೆಗೆ ಹನಿಗಟ್ಟಿ ತುಕ್ಕು ಹಿಡಿಸುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಆದರೆ ಇನ್ನೂ ಕಷ್ಟ, ಅದು ತಾನೇ ನೀರು ಹೀರಿಕೊಳ್ಳುತ್ತದೆ. ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಔಷಧಿ, ಅಂದರೆ ಫ್ಯುಯೆಲ್ ಸ್ಟೆಬಿಲೈಸರ್ ಅನ್ನು ಬಾಟಲಿ ಮೇಲೆ ಬರೆದಿರುವ ಅಳತೆಯಲ್ಲೇ ಹಾಕಿ, ಆಮೇಲೆ ಟ್ಯಾಂಕ್ ತುಂಬಿಸಿ. ಹಾಗೆ ಮಾಡಿದರೆ ಚೆನ್ನಾಗಿ ಬೆರೆಯುತ್ತದೆ. ನಂತರ ಹತ್ತು ನಿಮಿಷ ಓಡಿಸಿ ಬನ್ನಿ, ಔಷಧಿ ಹಾಕಿದ ಪೆಟ್ರೋಲ್ ಕೊನೆಯ ಪೈಪಿನವರೆಗೂ ಇಳಿಯಬೇಕಲ್ವಾ? ಕಾರ್ಬ್ಯುರೇಟರ್ ಇರುವ ಬೈಕಾದರೆ ವಾಪಸ್ ಬಂದು, ಎಂಜಿನ್ ತಣ್ಣಗಾದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬ್ಯುರೇಟರ್ ತಳದ ಸ್ಕ್ರೂ ಸಡಿಲಿಸಿ, ಬಟ್ಟಲಲ್ಲಿ ಉಳಿದಿದ್ದನ್ನು ಡಬ್ಬಿಗೆ ಇಳಿಸಿಬಿಡಿ. ಹತ್ತಿರ ಬೆಂಕಿ, ಸಿಗರೇಟು ಬೇಡ.

ಆ ಓಟ ಮುಗಿಸಿ ಬಂದು, ಎಂಜಿನ್ ತಣ್ಣಗಾಗುವ ಮೊದಲು, ಇನ್ನೂ ಉಗುರುಬೆಚ್ಚಗೆ ಇರುವಾಗಲೇ ಆಯಿಲ್ ಬದಲಿಸಿ, ಆಗ ಸಲೀಸಾಗಿ ಇಳಿಯುತ್ತದೆ. ಚಳಿ ಮುಗಿದ ಮೇಲೆ ಬದಲಿಸಿದರಾಯ್ತು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಳೇ ಆಯಿಲ್‌ನಲ್ಲಿರುವ ಆಸಿಡ್ ಮತ್ತು ನೀರು ತಿಂಗಳುಗಟ್ಟಲೆ ಬೇರಿಂಗ್ ಮೇಲೆ ಕೂತಿರುತ್ತವೆ.

ಬ್ಯಾಟರಿಯನ್ನು ಬಿಚ್ಚಿ ಒಳಗಿಡಿ. ಬಿಚ್ಚುವಾಗ ಮೊದಲು ನೆಗೆಟಿವ್ ವೈರ್, ಆಮೇಲೆ ಪಾಸಿಟಿವ್. ಜೋಡಿಸುವಾಗ ಇದಕ್ಕೆ ಉಲ್ಟಾ. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಇಳಿದರೆ ಮತ್ತೆ ಚಾರ್ಜ್ ಮಾಡಿ. ಇಳಿದುಹೋದ ಬ್ಯಾಟರಿಯ ಆಸಿಡ್ ನೀರಾಗುತ್ತಾ ಬರುವುದರಿಂದ ಕೊರೆಯುವ ಚಳಿಗೆ ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳಬಹುದು. ಲಿಥಿಯಂ ಬ್ಯಾಟರಿ ಇದ್ದರೆ ಅದರದ್ದೇ ಚಾರ್ಜರ್ ಬೇಕು.

ಎಂಜಿನ್ ತಂಪು ಮಾಡಲು ದ್ರವ ಹರಿಯುವ, ಅಂದರೆ ಲಿಕ್ವಿಡ್ ಕೂಲಿಂಗ್ ಇರುವ ಬೈಕಿನಲ್ಲಿ ಬರೀ ನೀರು ತುಂಬಿಸಿದ್ದರೆ ತೆಗೆದು, ಚಳಿಗೆ ಹೆಪ್ಪುಗಟ್ಟದ ಸರಿಯಾದ ಕೂಲಂಟ್ ಹಾಕಿ. ನೀರು ಮಂಜುಗಡ್ಡೆಯಾದರೆ ಉಬ್ಬುತ್ತದೆ, ಎಂಜಿನ್ ಬ್ಲಾಕ್ ಬಿರುಕು ಬಿಟ್ಟರೆ ರಿಪೇರಿಯ ಮಾತೇ ಬೇರೆ.

ಇನ್ನುಳಿದಿದ್ದು ಹೊರಮೈ ಕೆಲಸ. ತೊಳೆದು, ಪೂರ್ತಿ ಒಣಗಿಸಿ. ಚೈನ್ ಉಜ್ಜಿ ಲ್ಯೂಬ್ ಹಾಕಿ, ಆದರೆ ಸ್ಪ್ರೇ ಬ್ರೇಕ್ ಡಿಸ್ಕ್‌ಗೆ ಸಿಡಿಯದಂತೆ ಬಟ್ಟೆ ಅಡ್ಡ ಹಿಡಿಯಿರಿ. ಟೈರಿಗೆ ಸರಿಯಾಗಿ ಗಾಳಿ ತುಂಬಿ ಸೆಂಟರ್ ಸ್ಟ್ಯಾಂಡ್ ಹಾಕಿ. ಅದಿಲ್ಲದಿದ್ದರೆ ಎರಡು ವಾರಕ್ಕೊಮ್ಮೆ ಬೈಕನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಭಾರವೆಲ್ಲ ಟೈರಿನ ಒಂದೇ ಜಾಗಕ್ಕೆ ಬೀಳದಿರಲಿ. ಹೊದಿಸುವುದು ಗಾಳಿಯಾಡುವ ಬಟ್ಟೆ. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೇ ಬೆವರುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಒಳ್ಳೆಯದು ಅಂತ ಬಹಳ ಜನ ಹೇಳುತ್ತಾರೆ. ಮಾಡಬೇಡಿ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ನೀರು ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ಉಳಿದುಬಿಡುತ್ತದೆ.

ಕೊನೆಗೆ, ತಣ್ಣಗಾದ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಇಲಿಗಳಿಗೆ ಅದಕ್ಕಿಂತ ಒಳ್ಳೇ ಮನೆ ಸಿಗುವುದಿಲ್ಲ. ತುರುಕಿದ್ದು ಮರೆಯದಂತೆ ಕೀಲಿಗೇ ಒಂದು ಚೀಟಿ ಕಟ್ಟಿ. ಒಂದು ವರ್ಷ ನಾನು ಕಟ್ಟಿರಲಿಲ್ಲ, ಬೈಕ್ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಅಂತ ಅರ್ಧ ದಿನ ಪ್ಲಗ್ ಬಿಚ್ಚಿ ಹಾಕಿದ್ದೇ ಬಂತು.